ಕುಂಡದ ದಾಸವಾಳ: ಚಿಗುರು ಬಂದರೆ ಹೂವು ಬಂದೀತು

ಮಲೆನಾಡಿನ ನಮ್ಮ ಹಳೆಯ ಮನೆಯ ಬೇಲಿಯಲ್ಲಿದ್ದ ಕೆಂಪು ದಾಸವಾಳಕ್ಕೆ ಯಾರಾದರೂ ನೀರು ಹೊತ್ತು ಹಾಕಿದ್ದನ್ನು ನಾನು ಕಂಡಿಲ್ಲ. ಬಚ್ಚಲ ನೀರು ಹರಿದುಹೋಗುವ ಕಾಲುವೆಯ ಪಕ್ಕದಲ್ಲಿ ಅದು ತಾನಾಗಿ ಆಳೆತ್ತರ ಬೆಳೆದು, ದಿನವೂ ದೇವರ ಬುಟ್ಟಿ ತುಂಬುವಷ್ಟು ಹೂವನ್ನೂ ವಾರಕ್ಕೊಮ್ಮೆ ತಲೆಗೆ ಅರೆದು ಹಚ್ಚುವಷ್ಟು ಸೊಪ್ಪನ್ನೂ ಕೊಡುತ್ತಿತ್ತು. ಅದೇ ಗಿಡದ ಕಡ್ಡಿಯನ್ನು ಬೆಂಗಳೂರಿಗೆ ತಂದು, ಎರಡನೆಯ ಮಹಡಿಯ ತಾರಸಿಯ ಮೇಲೆ ಕುಂಡದಲ್ಲಿ ನೆಟ್ಟಾಗ ಮೊದಲ ವರ್ಷವಿಡೀ ಸೊಪ್ಪಲ್ಲದೆ ಬೇರೇನೂ ಬರಲಿಲ್ಲ. ನೆಲದಲ್ಲಿರುವ ಬೇರು ತನಗೆ ಬೇಕಾದ ನೀರು, ಸಾರ, ತಂಪನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಕುಂಡದೊಳಗಿನ ಬೇರಿಗೆ ನಾವು ಕೊಟ್ಟಷ್ಟೇ ಗತಿ. ದಾಸವಾಳಕ್ಕೆ ಆರೈಕೆಯೇ ಬೇಡ ಎಂಬ ನಂಬಿಕೆ ಬೇಲಿಯ ಗಿಡದ ಮಟ್ಟಿಗೆ ನಿಜ, ಕುಂಡದ ಗಿಡದ ಮಟ್ಟಿಗೆ ನಿಜವಲ್ಲ.

ಈ ಗಿಡದ ಒಂದು ಗುಣವನ್ನು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭವಾಗುತ್ತದೆ. ದಾಸವಾಳ ಮೊಗ್ಗು ಬಿಡುವುದು ಹೊಸ ಚಿಗುರಿನ ಮೇಲೆ, ತುದಿಯ ಕಡೆಯ ಎಲೆಗಳ ಕಂಕುಳಲ್ಲಿ. ಬಲಿತು ಬೂದುಬಣ್ಣಕ್ಕೆ ತಿರುಗಿದ ಟೊಂಗೆಯಲ್ಲಿ ಮೊಗ್ಗು ಬರುವುದಿಲ್ಲ. ಹೂವಿನ ಆಯುಸ್ಸಾದರೋ ಒಂದೇ ದಿನ: ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ, ಕೆಲವು ಹೈಬ್ರಿಡ್ ತಳಿಗಳ ಹೂವು ಮಾತ್ರ ಎರಡನೆಯ ದಿನಕ್ಕೂ ಉಳಿಯುತ್ತದೆ. ಆದ್ದರಿಂದ ದಿನವೂ ಹೂವು ಬೇಕೆಂದರೆ ಗಿಡ ಸದಾ ಚಿಗುರುತ್ತಲೇ ಇರಬೇಕು. ಬಿಸಿಲು, ನೀರು, ಗೊಬ್ಬರ, ಸವರುವುದು, ಕೀಟ ನಿವಾರಣೆ, ಇವೆಲ್ಲವೂ ಚಿಗುರನ್ನು ನಿಲ್ಲದಂತೆ ನೋಡಿಕೊಳ್ಳುವ ಉಪಾಯಗಳೇ.

ಯಾವ ಗಿಡ ತರಬೇಕು

ಮೊದಲ ಬಾರಿಗೆ ಬೆಳೆಸುವವರು ಐದೆಸಳಿನ ಕೆಂಪು ನಾಟಿ ದಾಸವಾಳದಿಂದಲೇ ಆರಂಭಿಸುವುದು ಒಳ್ಳೆಯದು. ಬಿಸಿಲು, ಮಳೆ, ನಮ್ಮ ಮರೆವು ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ಅನೇಕ ಎಸಳುಗಳು ಒತ್ತೊತ್ತಾಗಿರುವ ಬಗೆಯೂ, ಸೀಳಿದ ಎಸಳುಗಳ ಹೂವು ಉದ್ದನೆಯ ತೊಟ್ಟಿನಿಂದ ಜುಮುಕಿಯಂತೆ ತೂಗುವ ಬಗೆಯೂ ಹೆಚ್ಚು ಕಷ್ಟ ಕೊಡುವುದಿಲ್ಲ. ನರ್ಸರಿಗಳಲ್ಲಿ ಪುಣೆ ವೆರೈಟಿ, ಆಸ್ಟ್ರೇಲಿಯನ್ ಎಂಬ ಹೆಸರುಗಳಲ್ಲಿ ಮಾರುವ, ಊಟದ ತಟ್ಟೆಯಷ್ಟಗಲದ ಬಣ್ಣಬಣ್ಣದ ಹೂವಿನ ಹೈಬ್ರಿಡ್‌ಗಳು ಕಣ್ಣು ಸೆಳೆಯುತ್ತವೆ ನಿಜ, ಆದರೆ ಅವುಗಳ ಬೇರು ದುರ್ಬಲ, ನೀರು ನಿಂತರೆ ಬೇಗ ಕೊಳೆಯುತ್ತದೆ. ನಾಟಿ ಗಿಡವನ್ನು ಎರಡು ವರ್ಷ ಸಾಕಿ ಕೈ ಪಳಗಿದ ಮೇಲೆ ಅವುಗಳಿಗೆ ಹಣ ಹಾಕಬಹುದು. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ಪೈಕಿ ಆಗಸ್ಟಿನದು ಗಿಡ ಕೊಳ್ಳಲು ಹೆಚ್ಚು ಅನುಕೂಲ, ಏಕೆಂದರೆ ಆಗಿನ ಮೋಡದ ಹವೆಯಲ್ಲಿ ಹೊಸ ಗಿಡ ಸುಲಭವಾಗಿ ಒಗ್ಗಿಕೊಳ್ಳುತ್ತದೆ.

ಹೈಬ್ರಿಡ್‌ಗಳಲ್ಲಿ ಅನೇಕವು ಕಸಿ ಗಿಡಗಳು. ಬುಡ ಗಟ್ಟಿಮುಟ್ಟಾದ ನಾಟಿ ದಾಸವಾಳದ್ದು, ಮೇಲಿನ ಭಾಗ ಹೈಬ್ರಿಡ್‌ನದು. ಕಸಿ ಕಟ್ಟಿದ ಜಾಗ ಮಣ್ಣಿನಿಂದ ಕೆಲವು ಅಂಗುಲ ಮೇಲೆ ಸಣ್ಣ ಗಂಟಿನಂತೆ ಕಾಣುತ್ತದೆ. ಆ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡೊಡನೆ ಬುಡಕ್ಕೇ ಚಿವುಟಿ ತೆಗೆಯಬೇಕು. ನಾನು ತಂದಿದ್ದ, ಕೆಂಪು ನಡುವಿನ ಹಳದಿ ಹೂವಿನ ಕಸಿ ಗಿಡದ ಬುಡದಿಂದ ಒಂದು ಮಳೆಗಾಲದಲ್ಲಿ ದಪ್ಪನೆಯ ಚಿಗುರೊಂದು ಎದ್ದಿತು. ಗಿಡ ಚೆನ್ನಾಗಿ ಹಬ್ಬುತ್ತಿದೆಯೆಂದು ಸಂತೋಷಪಟ್ಟು ಅದನ್ನು ಹಾಗೆಯೇ ಬಿಟ್ಟೆ. ಮರುವರ್ಷ ಹಳದಿ ಟೊಂಗೆ ಸೊರಗಿ ಒಣಗಿತು. ಬುಡದ ಚಿಗುರಿನಲ್ಲಿ ಊರ ಬೇಲಿಯದೇ ಕೆಂಪು ಹೂವು ಅರಳಿತು. ಎಲೆಯನ್ನು ಗಮನಿಸಿದ್ದರೂ ಗೊತ್ತಾಗುತ್ತಿತ್ತು: ಹೈಬ್ರಿಡ್‌ನ ಎಲೆ ಅಗಲವಾಗಿ, ದಪ್ಪವಾಗಿ ಇತ್ತು, ಬುಡದಿಂದ ಬಂದದ್ದರ ಎಲೆ ಕಿರಿದಾಗಿ, ಅಂಚು ಗರಗಸದಂತೆ ಇತ್ತು.

ಕಡ್ಡಿಯಿಂದ ಗಿಡ ಮಾಡುವುದು

ನಮ್ಮ ನಾಟಿ ದಾಸವಾಳ ಕಾಯಿ ಕಟ್ಟುವುದು ಬಹಳ ಅಪರೂಪ. ಆದ್ದರಿಂದ ಬೀಜ ಹುಡುಕುವ ಗೋಜಿಗೆ ಹೋಗದೆ ಕಡ್ಡಿ ನೆಡುವುದೇ ಸರಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ತೇವದ ಹವೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಟೊಂಗೆಯಿಂದ ಐದಾರು ಅಂಗುಲದ ಕಡ್ಡಿಯನ್ನು ಕತ್ತರಿಸಬೇಕು. ಅದರಲ್ಲಿ ಮೂರು ನಾಲ್ಕು ಗಿಣ್ಣುಗಳಿರಬೇಕು. ಕೆಳತುದಿಯನ್ನು ಒಂದು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ಯಾವುದು ತಲೆ ಯಾವುದು ಬುಡ ಎಂಬ ಗೊಂದಲವೂ ಆಗುವುದಿಲ್ಲ. ಮೇಲಿನ ಒಂದೆರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿಕೊಂಡು, ಮಿಕ್ಕವನ್ನು ತೆಗೆದುಹಾಕಬೇಕು. ಅರ್ಧ ಮರಳು, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಲಸಿದ ಮಿಶ್ರಣದಲ್ಲಿ ಎರಡು ಗಿಣ್ಣುಗಳು ಮುಚ್ಚುವಂತೆ ಊರಿ, ಸುತ್ತ ಬೆರಳಿನಿಂದ ಒತ್ತಿ, ನೆರಳಿನಲ್ಲಿಟ್ಟು, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಮೇಲೆ ಬೋರಲು ಹಾಕಿದರೆ ತೇವ ಒಳಗೇ ನಿಲ್ಲುತ್ತದೆ. ಬೇರು ಬರಿಸುವ ಪುಡಿ ಸಿಕ್ಕಿದರೆ ಕೆಳತುದಿಗೆ ಹಚ್ಚಬಹುದು. ನಾಟಿ ಗಿಡಕ್ಕೆ ಅದಿಲ್ಲದೆಯೂ ನಡೆಯುತ್ತದೆ.

ಎರಡು ಮೂರು ವಾರದಲ್ಲಿ ಕಡ್ಡಿಯ ತುದಿಯಲ್ಲಿ ಪುಟ್ಟ ಎಲೆಗಳು ಮೂಡುತ್ತವೆ. ಆಗ ಗಿಡ ಹಿಡಿಯಿತೆಂದು ಕಿತ್ತು ಬೇರೆ ಕುಂಡಕ್ಕೆ ಹಾಕುವವರೇ ಹೆಚ್ಚು, ಕೆಡಿಸಿಕೊಳ್ಳುವವರೂ ಅವರೇ. ಆ ಎಲೆಗಳು ಬಂದದ್ದು ಕಡ್ಡಿಯೊಳಗೆ ಉಳಿದಿದ್ದ ಸಾರದಿಂದ; ಬೇರು ಆಗಿನ್ನೂ ಮೂಡಿರುವುದಿಲ್ಲ. ನಾಲ್ಕರಿಂದ ಆರು ವಾರ ಕಳೆದು, ಎರಡನೆಯ ಸುತ್ತಿನ ಎಲೆಗಳು ಗಾಢ ಹಸಿರಾದ ಮೇಲೆ, ಕಡ್ಡಿಯನ್ನು ಮೆಲ್ಲಗೆ ಅಲುಗಿಸಿದಾಗ ಬಿಗಿಯಾಗಿ ನಿಂತರೆ ಬೇರು ಬಂದಿದೆ ಎಂದರ್ಥ. ಆರು ಕಡ್ಡಿ ನೆಟ್ಟು ನಾಲ್ಕು ಹಿಡಿದರೆ ಅದು ಒಳ್ಳೆಯ ಫಲವೇ.

ಕುಂಡ ಮತ್ತು ಮಣ್ಣು

ನಾಟಿ ಗಿಡಕ್ಕೆ ಕಡೆಯ ಪಕ್ಷ ಹನ್ನೆರಡು ಅಂಗುಲ ಬಾಯಿಯ ಕುಂಡ ಬೇಕು. ಹೈಬ್ರಿಡ್ ಗಿಡವನ್ನು ಮಾತ್ರ ಎಂಟು ಅಂಗುಲದ ಕುಂಡದಿಂದ ಆರಂಭಿಸಿ ಹಂತಹಂತವಾಗಿ ದೊಡ್ಡದಕ್ಕೆ ಬದಲಾಯಿಸಬೇಕು, ಏಕೆಂದರೆ ದೊಡ್ಡ ಕುಂಡದ ತುಂಬ ಒದ್ದೆ ಮಣ್ಣಿದ್ದು, ಅದನ್ನು ಹೀರುವಷ್ಟು ಬೇರು ಇಲ್ಲದಿದ್ದರೆ ಕೊಳೆ ಆರಂಭವಾಗುತ್ತದೆ. ಮಣ್ಣಿನ ಕುಂಡ ಬೇರಿಗೆ ಹಿತವಾದರೂ ತಾರಸಿಯಲ್ಲಿ ಬೇಗ ಒಣಗುತ್ತದೆ. ಹೊಸ ಸಿಮೆಂಟ್ ಕುಂಡವಾದರೆ ವಾರದ ಕಾಲ ನೀರು ತುಂಬಿಟ್ಟು, ಆ ನೀರನ್ನು ಎರಡು ಮೂರು ಬಾರಿ ಬದಲಾಯಿಸಿ ಸುಣ್ಣದಂಶ ಕಳೆಯಬೇಕು. ಹಳೆಯ ಪೇಂಟ್ ಬಕೆಟ್ಟೂ ನಡೆಯುತ್ತದೆ. ಆದರೆ ಚೆನ್ನಾಗಿ ತೊಳೆದು, ತಳದಲ್ಲಿ ಕಿರುಬೆರಳು ದಪ್ಪದ ನಾಲ್ಕೈದು ತೂತುಗಳನ್ನು ಮಾಡಬೇಕು.

ಮಣ್ಣಿನ ಅಳತೆಯನ್ನು ನಾನು ಬಾಂಡ್ಲಿಯ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ: ನಾಲ್ಕು ಪಾಲು ಕೆಮ್ಮಣ್ಣು, ಮೂರು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಎರಡು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ದಪ್ಪ ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಧೂಳನ್ನು ತೆಗೆದುಬಿಡಬೇಕು, ಇಲ್ಲವಾದರೆ ಅದು ಮಣ್ಣಿನೊಳಗಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಈ ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉಂಡೆ ಹಾಗೇ ನಿಂತರೆ ಇನ್ನಷ್ಟು ಮರಳು ಬೇಕು. ದಾಸವಾಳ ಬಯಸುವುದು ತುಸು ಆಮ್ಲೀಯವಾದ, ಪಿ.ಎಚ್. 6ರಿಂದ 7ರೊಳಗಿನ ಮಣ್ಣು. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಟ್ಟಿನಿಂದಲೇ ಹಾಗಿದೆ. ಕೆರೆಗೋಡು, ಎರೆಮಣ್ಣು ಇರುವ ಕಡೆಯವರು ಆ ಮಣ್ಣಿನ ಪಾಲನ್ನು ಅರ್ಧಕ್ಕಿಳಿಸಿ ಗೊಬ್ಬರ, ಮರಳನ್ನು ಹೆಚ್ಚಿಸಬೇಕಾಗುತ್ತದೆ.

ಆಂಧ್ರದ ರಾಜಮಂಡ್ರಿ ಬಳಿಯ ಕಡಿಯಂ ಕಡೆಯಿಂದ ಲಾರಿಯಲ್ಲಿ ಬಂದ ಗಿಡಗಳ ಬೇರಿನ ಸುತ್ತ ಜಿಗುಟು ಮಣ್ಣಿನ ಗಟ್ಟಿ ಉಂಡೆ ಇರುವುದುಂಟು. ಅದನ್ನು ಹಾಗೆಯೇ ಹೊಸ ಮಣ್ಣಿನಲ್ಲಿ ಹೂತರೆ ಸುತ್ತಲಿನ ಮಣ್ಣು ಒದ್ದೆಯಾಗಿದ್ದರೂ ಉಂಡೆಯೊಳಗೆ ನೀರಿಳಿಯುವುದಿಲ್ಲ. ಗಿಡ ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮಣ್ಣನ್ನು ಬೆರಳಿನಿಂದ ನಿಧಾನವಾಗಿ ಬಿಡಿಸಿ, ನಡುವಿನ ಬೇರಿನ ಮುದ್ದೆಯನ್ನು ಕೆದಕದೆ ನೆಡಬೇಕು. ನೆಟ್ಟ ಮೇಲೆ ಒಂದು ವಾರ ನೆರಳು, ಮೂರು ವಾರ ಗೊಬ್ಬರದ ಉಪವಾಸ.

ಬಿಸಿಲು ಮತ್ತು ನೀರು

ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲಿಲ್ಲದ ಕಡೆ ದಾಸವಾಳ ಸೊಪ್ಪಿನ ಗಿಡವಾಗಿ ಉಳಿಯುತ್ತದೆ. ಪೂರ್ವಕ್ಕೆ ತೆರೆದ ಬಾಲ್ಕನಿ ಸಾಕು. ಉತ್ತರದ ಬಾಲ್ಕನಿಯವರು ಬೇರೆ ಗಿಡ ಆರಿಸಿಕೊಳ್ಳುವುದು ಲೇಸು. ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ಅರ್ಧ ನೆರಳು ಕೊಡುವ ಹಸಿರು ಪರದೆ ಕಟ್ಟಬೇಕು. ಹೊರದೇಶದ ಚಳಿಯ ಊರುಗಳಲ್ಲಿರುವ ಕನ್ನಡಿಗರು ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಕುಂಡವನ್ನು ಮನೆಯೊಳಗೆ, ಬಿಸಿಲು ಬರುವ ಕಿಟಕಿಯ ಬಳಿಗೆ ತರಬೇಕು.

ನೀರಿಗೆ ಗಡಿಯಾರದ ಲೆಕ್ಕ ಬೇಡ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ, ಒಣಗಿದ್ದರೆ ಕುಂಡದ ತಳದಿಂದ ನೀರು ಹೊರಬರುವವರೆಗೆ ಹಾಕಬೇಕು. ದಿನವೂ ಒಂದೊಂದು ಲೋಟ ಹಾಕುವ ಅಭ್ಯಾಸದಿಂದ ಮೇಲಿನ ಮಣ್ಣಷ್ಟೇ ನೆನೆದು, ಕೆಳಗಿನ ಬೇರು ಒಣಗುತ್ತದೆ. ಬೇಸಿಗೆಯ ತಾರಸಿಯಲ್ಲಿ ದಿನಕ್ಕೊಮ್ಮೆ ಅನಿವಾರ್ಯ, ಸುಡುಬಿಸಿಲಿನ ದಿನಗಳಲ್ಲಿ ಎರಡು ಹೊತ್ತೂ ಬೇಕಾದೀತು. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರನ್ನು ಎರಡು ಅಂಗುಲ ಹೊದಿಸಿದರೆ ಆ ಕೆಲಸ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಯನ್ನು ತೆಗೆದುಬಿಡಬೇಕು. ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡೊಡನೆ ಚೊಂಬು ಹಿಡಿದು ಓಡುವ ಮೊದಲು ಮಣ್ಣನ್ನು ಮುಟ್ಟಿ ನೋಡುವುದು ಅಗತ್ಯ. ಮಣ್ಣು ಒದ್ದೆಯಾಗಿದ್ದೂ ಎಲೆ ಜೋತಿದ್ದರೆ ಒಂದೋ ಬಿಸಿಲಿನ ಝಳ, ಸಂಜೆಗೆ ತಾನಾಗಿ ಸರಿಹೋಗುತ್ತದೆ. ಇಲ್ಲವೇ ಬೇರು ಕೊಳೆತಿದೆ, ಆಗ ಇನ್ನಷ್ಟು ನೀರು ಹಾಕುವುದೆಂದರೆ ಗಿಡವನ್ನು ಕೊಂದಂತೆಯೇ.

ಗೊಬ್ಬರ: ಹಸಿದ ಗಿಡಕ್ಕೆ ಏನು ಬಡಿಸಬೇಕು

ದಾಸವಾಳ ಹೊಟ್ಟೆಬಾಕ ಗಿಡ. ಆದರೆ ಎಲ್ಲವನ್ನೂ ತಿನ್ನುವುದಿಲ್ಲ. ಚಿಗುರಿಗೆ ಸಾರಜನಕ ಬೇಕು, ಮೊಗ್ಗಿಗೆ ಪೊಟ್ಯಾಷ್ ಧಾರಾಳವಾಗಿ ಬೇಕು, ರಂಜಕ ಮಾತ್ರ ಕಡಿಮೆಯೇ ಸಾಕು. ಹೂವಿನ ಗಿಡ ಎಂದೊಡನೆ ಗೊಬ್ಬರದಂಗಡಿಯವರು ಡಿ.ಎ.ಪಿ. ಕೊಡುತ್ತಾರೆ, ಮನೆಯವರು ಮೂಳೆ ಪುಡಿ ಹಾಕುತ್ತಾರೆ. ಡಿ.ಎ.ಪಿ.ಯಲ್ಲಿ ಸಾರಜನಕ ನೂರಕ್ಕೆ 18, ರಂಜಕ 46, ಪೊಟ್ಯಾಷ್ ಸೊನ್ನೆ. ಅಂದರೆ ದಾಸವಾಳಕ್ಕೆ ಬೇಕಾದುದಕ್ಕೆ ಸರಿಯಾಗಿ ವಿರುದ್ಧ. ಕುಂಡದಲ್ಲಿ ರಂಜಕ ಹೆಚ್ಚಾದಂತೆ ಗಿಡಕ್ಕೆ ಕಬ್ಬಿಣದಂಶ ಸಿಗುವುದು ಕಡಿಮೆಯಾಗುತ್ತದೆ, ಹೊಸ ಎಲೆಗಳು ಬಿಳಿಚಿಕೊಳ್ಳುತ್ತವೆ, ಗೊಬ್ಬರ ಸಾಲದೆಂದು ನಾವು ಮತ್ತೊಂದು ಚಮಚ ಡಿ.ಎ.ಪಿ. ಹಾಕುತ್ತೇವೆ. ನನ್ನ ಮೊದಲ ವರ್ಷದ ಹೂವಿಲ್ಲದ ಗಿಡದ ಕತೆಯಲ್ಲಿ ಇದರ ಪಾಲೂ ಇತ್ತು.

ಸಾವಯವವಾಗಿ ಬೆಳೆಸುವವರು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರವನ್ನು ಕುಂಡದ ಅಂಚಿನುದ್ದಕ್ಕೂ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು ಕೊಡಬಹುದು. ಐವತ್ತು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಕೊಳೆಸಿ, ಹತ್ತು ಪಟ್ಟು ನೀರು ಸೇರಿಸಿ, ಸೋಸಿ ಹಾಕಬೇಕು; ನೆರೆಮನೆಯವರ ಮೂಗಿನ ಮೇಲೆ ಕರುಣೆಯಿದ್ದರೆ ಮುಚ್ಚಳ ಮರೆಯಬಾರದು. ರಾಸಾಯನಿಕ ಗೊಬ್ಬರಕ್ಕೆ ಅಡ್ಡಿಯಿಲ್ಲದವರು 19:19:19ನ್ನು (ಚೀಲದ ಮೇಲಿನ ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ಎಷ್ಟಿವೆ ಎಂಬುದರ ಲೆಕ್ಕ) ಲೀಟರಿಗೆ ಎರಡು ಗ್ರಾಂನಂತೆ ಒಂದು ಬಾರಿ, ಹದಿನೈದು ದಿನ ಬಿಟ್ಟು 13:0:45ನ್ನು ಅದೇ ಪ್ರಮಾಣದಲ್ಲಿ ಮತ್ತೊಂದು ಬಾರಿ, ಹೀಗೆ ಸರದಿಯಲ್ಲಿ ಕೊಟ್ಟರೆ ಪೊಟ್ಯಾಷಿನ ಪಾಲು ತಾನಾಗಿ ಮೇಲಾಗುತ್ತದೆ. ಯಾವ ಗೊಬ್ಬರವನ್ನೂ ಒಣ ಮಣ್ಣಿಗೆ ಹಾಕಬಾರದು. ಈರುಳ್ಳಿ ಸಿಪ್ಪೆಯ ನೀರು, ಬಾಳೆ ಸಿಪ್ಪೆಯ ನೀರು, ಅಕ್ಕಿ ತೊಳೆದ ನೀರಿನಿಂದ ಕೆಡುಕೇನೂ ಇಲ್ಲ, ಆದರೆ ಅವುಗಳಿಂದಲೇ ಗಿಡ ಹೂವಿನಿಂದ ತುಂಬುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಪ್ಪೆಗಳನ್ನು ಕಾಂಪೋಸ್ಟ್ ಮಾಡಿ ಹಾಕುವುದೇ ಹೆಚ್ಚು ಲಾಭ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ ನಿಜ. ಆದರೆ ಅದು ಕ್ಷಾರ. ಮಲೆನಾಡಿನ ಹುಳಿ ಮಣ್ಣಿಗೆ ಅದು ಹಿತ; ಬೋರ್‌ವೆಲ್ ನೀರಿನ ಬೆಂಗಳೂರಿನ ಕುಂಡಕ್ಕೆ ಅಹಿತ.

ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದ ಕುಂಡದ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟುತ್ತದೆ, ಮಣ್ಣು ನಿಧಾನವಾಗಿ ಕ್ಷಾರವಾಗುತ್ತದೆ. ಆಗ ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದು, ಎಲೆಯ ಮೇಲೆ ಬಲೆ ಹೆಣೆದಂತೆ ಕಾಣುತ್ತದೆ. ಇದು ಕಬ್ಬಿಣದ ಕೊರತೆ. ಚೀಲೇಟೆಡ್ ಐರನ್ ಎಂದು ಮಾರುವ ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕಲಸಿ ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಮುಂದಿನ ಚಿಗುರು ಹಸಿರಾಗಿ ಬರುತ್ತದೆ. ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳ ನರಗಳ ನಡುವೆಯಾದರೆ ಕೊರತೆ ಮೆಗ್ನೀಷಿಯಂನದು. ಎಪ್ಸಮ್ ಸಾಲ್ಟ್ ಲೀಟರಿಗೆ ಎರಡು ಗ್ರಾಂ ಸಾಕು. ಋತು ಬದಲಾಗುವಾಗ ಬುಡದ ಹತ್ತಾರು ಎಲೆಗಳು ಪೂರ್ತಿ ಹಳದಿಯಾಗಿ ಉದುರುವುದು ರೋಗವಲ್ಲ, ಅದಕ್ಕೆ ಔಷಧವೂ ಬೇಡ. ಮಳೆನೀರು ಹಿಡಿದಿಡುವ ಅನುಕೂಲ ಇರುವವರಿಗೆ ಈ ತೊಂದರೆಯೇ ವಿರಳ.

ಸವರುವುದು

ಹೂ ಬಿಡುತ್ತಿರುವ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಲೇಬೇಕು. ಸವರದೆ ಬಿಟ್ಟ ಗಿಡ ಉದ್ದುದ್ದ ಬೆಳೆದು, ಕೋಲಿನಂತಹ ನಾಲ್ಕು ಟೊಂಗೆಗಳ ತುದಿಯಲ್ಲಿ ಮಾತ್ರ ನಾಲ್ಕು ಹೂವು ಬಿಡುತ್ತದೆ. ಒಂದು ಟೊಂಗೆಯನ್ನು ಕತ್ತರಿಸಿದರೆ ಅದರ ಕೆಳಗಿನ ಗಿಣ್ಣುಗಳಿಂದ ಎರಡು ಮೂರು ಕವಲು ಒಡೆಯುತ್ತವೆ, ಪ್ರತಿ ಕವಲಿಗೂ ಅದರದೇ ಮೊಗ್ಗಿನ ಸಾಲು ಬರುತ್ತದೆ. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಹೊರಮುಖವಾಗಿರುವ ಗಿಣ್ಣಿನಿಂದ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಬೇಕು. ಗಿಣ್ಣು ಹೊರಗೆ ನೋಡುತ್ತಿದ್ದರೆ ಕವಲೂ ಹೊರಗೆ ಹೋಗುತ್ತದೆ, ಗಿಡದ ನಡುವೆ ಗಾಳಿ ಬೆಳಕು ಆಡುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವಂತಿರುವುದು, ಒಳಮುಖವಾಗಿ ಬೆಳೆದದ್ದು ಇವು ಮೊದಲು ಹೋಗಬೇಕು. ಒಟ್ಟಾರೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲ್ಲ ಟೊಂಗೆಗಳನ್ನೂ ಒಂದೇ ದಿನ ಕತ್ತರಿಸುವ ಬದಲು ಅರ್ಧವನ್ನು ಈಗ, ಉಳಿದರ್ಧವನ್ನು ತಿಂಗಳ ನಂತರ ಸವರಿದರೆ ದೇವರ ಮನೆಗೆ ಹೂವಿನ ಕೊರತೆ ಆಗುವುದಿಲ್ಲ.

ಕಾಲ ಊರಿನಿಂದ ಊರಿಗೆ ಬೇರೆ. ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಶಿವರಾತ್ರಿ ಕಳೆದು, ಚಳಿ ‘ಶಿವ ಶಿವ’ ಎನ್ನುತ್ತ ಹೊರಟ ಮೇಲೆ ಸವರುವುದು ಸೂಕ್ತ. ಉತ್ತರದ ಬಯಲುಸೀಮೆಯಲ್ಲಿ ಆಗ ಸವರಿದರೆ ಎಳೆಯ ಚಿಗುರು ಬೇಸಿಗೆಯ ಉರಿಗೆ ಸಿಕ್ಕಿ ಸುಟ್ಟುಹೋಗುತ್ತದೆ, ಆದ್ದರಿಂದ ಜೂನ್‌ನ ಮೊದಲ ಮಳೆಯವರೆಗೆ ಕಾಯಬೇಕು. ಕರಾವಳಿಯಲ್ಲಿ ಜಡಿಮಳೆಯ ನಡುವೆ ಕತ್ತರಿಸಿದ ತುದಿ ಕೊಳೆತು ಕೆಳಕ್ಕೆ ಒಣಗುತ್ತ ಬರುವುದರಿಂದ ಮೇ ಕೊನೆಯೊಳಗೆ ಮುಗಿಸುವುದು, ತಪ್ಪಿದರೆ ಮಳೆ ಇಳಿದ ಮೇಲೆ ಮಾಡುವುದು ಒಳಿತು. ಸವರಿದ ಗಿಡ ಮತ್ತೆ ಹೂವಿಗೆ ಬರಲು ಎರಡರಿಂದ ಎರಡೂವರೆ ತಿಂಗಳು ಹಿಡಿಯುತ್ತದೆ. ಗಣಪತಿಗೆ ಕೆಂಪು ದಾಸವಾಳ ಪ್ರಿಯ ಎನ್ನುವವರು ಚೌತಿಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಕತ್ತರಿ ಎತ್ತಿಕೊಳ್ಳಬೇಕು. ಚೌತಿಗೆ ಹದಿನೈದು ದಿನವಿರುವಾಗ ಗಿಡವನ್ನು ಅಂದಗೊಳಿಸಲು ಹೊರಟರೆ ಆ ವರ್ಷ ಮಾರುಕಟ್ಟೆಯ ಹೂವೇ ಗತಿ.

ಎರಡು ವರ್ಷಕ್ಕೊಮ್ಮೆ, ಸವರುವ ಸಮಯದಲ್ಲೇ, ಗಿಡವನ್ನು ಕುಂಡದಿಂದ ಹೊರತೆಗೆದು ಸುತ್ತಿಕೊಂಡ ಬೇರಿನ ಹೊರ ಅಂಚನ್ನು ಒಂದಂಗುಲದಷ್ಟು ಕತ್ತರಿಸಿ, ಹೊಸ ಮಣ್ಣು ತುಂಬಿ ಅದೇ ಕುಂಡಕ್ಕೆ ಮರಳಿ ಹಾಕಬಹುದು.

ಹಿಟ್ಟು ತಿಗಣೆ ಮತ್ತು ಅದರ ಬಳಗ

ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಹೈಬಿಸ್ಕಸ್ ರೋಸಾ ಸೈನೆನ್ಸಿಸ್, ಎಂದರೆ ಚೀನಾದ ಗುಲಾಬಿ ಎಂದು ಹೆಸರಿಟ್ಟರೂ ಗುಲಾಬಿಗೂ ಇದಕ್ಕೂ ನಂಟಿಲ್ಲ. ಇದರ ದಾಯಾದಿಗಳು ಬೆಂಡೆ ಮತ್ತು ಹತ್ತಿ. ಆ ಎರಡಕ್ಕೆ ಬರುವ ಹೇನು, ಬಿಳಿ ನೊಣ, ಹಿಟ್ಟು ತಿಗಣೆಗಳು ಇದಕ್ಕೂ ಬರುತ್ತವೆ. ತಾರಸಿಯಲ್ಲಿ ಬೆಂಡೆಯ ಕುಂಡವನ್ನು ದಾಸವಾಳಕ್ಕೆ ತಾಗಿಸಿ ಇಡಬಾರದೆನ್ನುವುದು ಈ ಕಾರಣಕ್ಕೆ.

ಇವುಗಳ ಪೈಕಿ ಹಿಟ್ಟು ತಿಗಣೆಯಷ್ಟು ಕಾಡುವುದು ಬೇರೊಂದಿಲ್ಲ. ಚಿಗುರಿನ ಕಂಕುಳಲ್ಲಿ, ಮೊಗ್ಗಿನ ತೊಟ್ಟಿನಲ್ಲಿ ಹತ್ತಿಯ ಚೂರು ಅಂಟಿದಂತೆ ಕಾಣಿಸಿಕೊಂಡು, ರಸ ಹೀರಿ, ಎಲೆಗಳನ್ನು ಮುದುಡಿಸಿ ತುದಿಯನ್ನು ಗೊಂಚಲಾಗಿಸಿಬಿಡುತ್ತದೆ. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಮೊದಲು ಅಲ್ಲಿಯೇ ಹುಡುಕಬೇಕು, ಏಕೆಂದರೆ ತಿಗಣೆ ಸುರಿಸುವ ಅಂಟು ಸಿಹಿಗಾಗಿ ಇರುವೆಗಳು ಅದನ್ನು ದನ ಕಾಯುವಂತೆ ಕಾಯುತ್ತವೆ, ಅದರ ಶತ್ರುಗಳನ್ನು ಅಟ್ಟುತ್ತವೆ. ಕುಂಡವನ್ನು ಸ್ಟ್ಯಾಂಡಿನ ಮೇಲಿಟ್ಟು, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ, ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಕ್ಕೆ ಮಾಡುವ ಉಪಾಯವೇ ಇಲ್ಲಿಯೂ ಸಲ್ಲುತ್ತದೆ.

ನಾಲ್ಕಾರು ತಿಗಣೆಗಳಿದ್ದಾಗ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಹೆಚ್ಚಾಗಿದ್ದರೆ ತೀರಾ ಮುದುಡಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆದು, ಉಳಿದ ಗಿಡವನ್ನು ಪೈಪಿನ ನೀರಿನಿಂದ ರಭಸವಾಗಿ ತೊಳೆದು, ಸಂಜೆ ಬೇವಿನ ಎಣ್ಣೆ ಸಿಂಪಡಿಸಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಮಿಲಿ ದ್ರವ ಸೋಪನ್ನೂ ಐದು ಮಿಲಿ ಬೇವಿನ ಎಣ್ಣೆಯನ್ನೂ ಹಾಕಿ, ಹಾಲಿನ ಬಣ್ಣ ಬರುವವರೆಗೆ ಕಲಕಿ, ಬಳಿಕ ಒಂದು ಲೀಟರಿಗೆ ನೀರು ತುಂಬಿಸಬೇಕು. ನೇರವಾಗಿ ತಣ್ಣೀರಿಗೆ ಎಣ್ಣೆ ಹಾಕಿದರೆ ಅದು ಮೇಲೆ ತೇಲಿ, ಕೊನೆಯಲ್ಲಿ ಉಳಿದದ್ದು ಎಲೆಯನ್ನು ಸುಡುತ್ತದೆ. ಎಲೆಯ ಅಡಿಭಾಗಕ್ಕೆ ತಾಗಬೇಕು. ಒಂದು ಬಾರಿ ಹೊಡೆದು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ: ಹತ್ತಿಯಂತಹ ಚೀಲದೊಳಗಿನ ಮೊಟ್ಟೆಗಳು ಬದುಕಿಕೊಂಡಿರುತ್ತವೆ, ವಾರದೊಳಗೆ ಮರಿಗಳು ಹೊರಬರುತ್ತವೆ. ಆರೇಳು ದಿನಗಳ ಅಂತರದಲ್ಲಿ ಮೂರು ಬಾರಿ ಮಾಡಲೇಬೇಕು.

ಬಿಳಿಯದನ್ನೆಲ್ಲ ಕೊಲ್ಲುವ ಮೊದಲು ಕಣ್ಣು ಹತ್ತಿರ ತಂದು ನೋಡುವುದು ಒಳ್ಳೆಯದು. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ಮೈತುಂಬ ಬಿಳಿಯ ಮೇಣದ ಕುಚ್ಚು ಹೊತ್ತು, ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗಾತ್ರದಲ್ಲಿ ದೊಡ್ಡದು, ಕಡ್ಡಿಯಿಂದ ಮುಟ್ಟಿದರೆ ಚುರುಕಾಗಿ ಓಡುತ್ತದೆ. ತಿಗಣೆಯಾದರೆ ಹೆಚ್ಚುಕಡಿಮೆ ಅಲ್ಲಿಯೇ ಕುಳಿತಿರುತ್ತದೆ. ಈ ಮರಿಯ ಆಹಾರವೇ ಹಿಟ್ಟು ತಿಗಣೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳು ಇದು. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆಗಳ ಜೊತೆಗೆ ಮನೆಮನೆಯ ದಾಸವಾಳವನ್ನೂ ಮುತ್ತಿದಾಗಲೂ ಅದನ್ನು ಹಿಡಿತಕ್ಕೆ ತಂದದ್ದು, ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬಿಟ್ಟ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜಗಳು. ಕಂಡಕಂಡಾಗ ಕಟು ಕೀಟನಾಶಕ ಹೊಡೆಯುವ ತಾರಸಿಯಲ್ಲಿ ಇಂತಹ ಕೆಲಸದವರು ನಿಲ್ಲುವುದಿಲ್ಲ. ಮೇಲಾಗಿ ಹೂವಿನ ಮಕರಂದಕ್ಕೆ ಸೂರಕ್ಕಿಗಳೂ ಜೇನುಗಳೂ ಬರುತ್ತವೆ.

ಮೊಗ್ಗು ಅರಳುವ ಮೊದಲೇ ಉದುರಿದರೆ

ಉದುರಿದ ಮೊಗ್ಗನ್ನು ಗುಡಿಸಿ ಎಸೆಯದೆ ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಅಕ್ಕಿಯ ನುಚ್ಚಿಗಿಂತ ಚಿಕ್ಕದಾದ ಬಿಳಿ ಹುಳುಗಳು ಮಿಸುಕುತ್ತಿದ್ದರೆ ಸಣ್ಣ ನೊಣವೊಂದು ಮೊಗ್ಗಿನಲ್ಲಿ ಮೊಟ್ಟೆಯಿಟ್ಟಿದೆ. ಅವು ಮೊಗ್ಗಿನೊಂದಿಗೆ ಕೆಳಗೆ ಬಿದ್ದು, ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತವೆ. ಬಿದ್ದ ಮೊಗ್ಗುಗಳನ್ನೂ ಗಿಡದಲ್ಲಿ ಹಳದಿಯಾಗಿರುವ ಮೊಗ್ಗುಗಳನ್ನೂ ಮೂರು ವಾರ ತಪ್ಪದೆ ಆರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿದರೆ ಈ ಸರಪಣಿ ಕಡಿಯುತ್ತದೆ. ಮೇಲಿನ ಮಣ್ಣಿಗೆ ಬೇವಿನ ಹಿಂಡಿ ಬೆರೆಸುವುದೂ ಸಹಾಯಕ. ಸಿಪ್ಪೆಯ ಮೇಲೆ ಕಂದು ಗೀರುಗಳಿದ್ದು, ಬಿಳಿ ಕಾಗದದ ಮೇಲೆ ಮೊಗ್ಗನ್ನು ತಟ್ಟಿದಾಗ ಸೂಜಿಮೊನೆಯಂತಹವು ಓಡಾಡಿದರೆ ಅವು ಥ್ರಿಪ್ಸ್; ಅದಕ್ಕೂ ಬೇವಿನ ಎಣ್ಣೆಯೇ. ಒಳಗೆ ಏನೂ ಇಲ್ಲದಿದ್ದರೆ ಕಾರಣ ನಾವೇ: ಒಂದು ದಿನ ಮಣ್ಣು ಕಾದು ಒಣಗಿರಬೇಕು, ಕುಂಡವನ್ನು ನೆರಳಿನಿಂದ ಬಿಸಿಲಿಗೆ ದಿಢೀರನೆ ಸರಿಸಿರಬೇಕು, ಅಥವಾ ಮೊಗ್ಗಿನ ಕಾಲದಲ್ಲಿ ಮಣ್ಣು ಬದಲಾಯಿಸಿರಬೇಕು. ಬಹಳ ಎಸಳಿನ ಬಗೆಗಳು ಈ ವಿಷಯದಲ್ಲಿ ಹೆಚ್ಚು ಮುನಿಸಿನವು.

ಹೂವು ಕೊಯ್ಯುವುದು

ದಾಸವಾಳವನ್ನು ನೀರಿನಲ್ಲಿ ಇಟ್ಟರೂ ಹೊರಗಿಟ್ಟರೂ ಅಷ್ಟೇ ಹೊತ್ತು ಅರಳಿರುತ್ತದೆ, ಆದ್ದರಿಂದ ಹೂದಾನಿಯ ಅಗತ್ಯವಿಲ್ಲ. ಬೆಳಗಿನ ಪೂಜೆ ಬೇಗ ಆಗಬೇಕಾದವರು ಹಿಂದಿನ ಸಂಜೆಯೇ, ಎಸಳಿನ ಬಣ್ಣ ಪೂರ್ತಿ ಹೊರಗೆ ಕಾಣುವಂತೆ ಉದ್ದವಾದ ಮೊಗ್ಗುಗಳನ್ನು ಆರಿಸಿ ಕೊಯ್ದು, ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿ ಹೊರಗೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಅರಳುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಅರಳುವುದು ತಡವಾಗುತ್ತದೆ. ಕೊಯ್ಯುವಾಗ ತೊಟ್ಟನ್ನು ಮಾತ್ರ ಚಿವುಟಬೇಕು, ಟೊಂಗೆಯ ಕುಡಿಯನ್ನು ಮುರಿಯಬಾರದು, ಮುಂದಿನ ಮೊಗ್ಗುಗಳು ಅಲ್ಲಿಯೇ ಸಾಲಾಗಿ ಕಾದಿರುತ್ತವೆ. ಎಲೆಯನ್ನು ದೋಸೆಗೋ ಹೂವನ್ನು ತಂಬುಳಿಗೋ ಬಳಸುವ ಮನೆಗಳ ಪದ್ಧತಿ ಬೇರೆಯೇ ಇರಬೇಕು: ಒಂದು ನಾಟಿ ಕೆಂಪು ಗಿಡವನ್ನು ಅಡುಗೆಗೆಂದು ಬೇರೆಯಾಗಿ ಇಟ್ಟು, ಅದಕ್ಕೆ ನೀರಿನ ರಭಸ ಮತ್ತು ಕೈಯಿಂದ ಆರಿಸುವುದನ್ನು ಬಿಟ್ಟು ಬೇರಾವ ಸಿಂಪರಣೆಯನ್ನೂ ಮಾಡಬಾರದು. ನರ್ಸರಿಯಿಂದ ತಂದ ಹೊಸ ಗಿಡಕ್ಕೆ ಅಲ್ಲಿ ಏನು ಹೊಡೆದಿದ್ದರೋ ತಿಳಿಯದು. ಅದರ ಎಲೆ, ಹೂವುಗಳನ್ನು ಕಡೆಯ ಪಕ್ಷ ಮೂರು ತಿಂಗಳು, ಒಮ್ಮೆ ಸವರಿ ಹೊಸ ಚಿಗುರು ಬರುವವರೆಗೆ, ಅಡುಗೆಮನೆಗೆ ತರದಿರುವುದು ಕ್ಷೇಮ.